ಮೂರು ತುಂಬದ ಮಗುವಿನೊಂದಿಗೆ ಕಡಲಿಗಿಳಿಯುವ ಮುನ್ನ

ಪ್ರಶ್ನೆ: ಡಿಸೆಂಬರ್ ರಜೆಗೆ ನಾವು ಹನ್ನೊಂದು ಜನ ದಾವಣಗೆರೆಯಿಂದ ಉಡುಪಿ ಕಡೆಗೆ ಹೊರಟಿದ್ದೇವೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಬೋಟಿನಲ್ಲಿ ಹೋಗಬೇಕೆಂಬುದು ಎಲ್ಲರ ಆಸೆ. ನನ್ನ ಮಗಳಿಗೆ ಎರಡು ವರ್ಷ ಎಂಟು ತಿಂಗಳು, ತೂಕ ಹನ್ನೊಂದೂವರೆ ಕೆ.ಜಿ. ಅವಳಿಗೂ ನನಗೂ ಈಜು ಬರುವುದಿಲ್ಲ. ಕಳೆದ ವರ್ಷ ಆಗುಂಬೆ ಘಾಟಿಯಲ್ಲಿ ಮೂರು ಸಲ ವಾಂತಿ ಮಾಡಿಕೊಂಡಿದ್ದಳು. ‘ಇಷ್ಟು ಚಿಕ್ಕ ಕೂಸನ್ನು ನೀರಿನ ಮೇಲೆ ಕರೆದೊಯ್ಯಬೇಡಿ’ ಎನ್ನುತ್ತಾರೆ ನಮ್ಮ ಅತ್ತೆ. ‘ಎಲ್ಲರೂ ಹೋಗಿ ಬರುತ್ತಾರೆ, ಏನೂ ಆಗುವುದಿಲ್ಲ’ ಎನ್ನುತ್ತಾರೆ ನಮ್ಮ ಮನೆಯವರು. ಕರೆದುಕೊಂಡು ಹೋಗಬಹುದೇ? ವಾಂತಿಯಾಗದಂತೆ ಮೊದಲೇ ಮಾತ್ರೆ ಕೊಡಬಹುದೇ? ನಾದಿನಿಯ ಏಳು ತಿಂಗಳ ಮಗುವೂ ನಮ್ಮ ಜೊತೆಗಿರುತ್ತದೆ.

ಉತ್ತರ: ನಿಮ್ಮ ಮಗಳನ್ನು ಕರೆದುಕೊಂಡು ಹೋಗಬಹುದು, ಅವಳ ಮೈಗೆ ಸರಿಯಾಗಿ ಕೂರುವ ಲೈಫ್ ಜಾಕೆಟ್ ಸಿಕ್ಕರೆ. ಸಿಗದಿದ್ದರೆ ಬೇಡ. ಏಳು ತಿಂಗಳ ಕೂಸನ್ನು ಮಾತ್ರ ಈ ಸಲ ದಡದಲ್ಲೇ ಬಿಡಿ, ಅದರ ಕಾರಣವನ್ನು ಮುಂದೆ ಹೇಳುತ್ತೇನೆ.

ನಾನು ಮಕ್ಕಳ ವೈದ್ಯೆ. ಬೆಳೆದದ್ದು ಕುಂದಾಪುರದ ಕಡೆ, ಹಿತ್ತಿಲು ದಾಟಿದರೆ ಹೊಳೆ. ಹೈಸ್ಕೂಲಿಗೆ ಹೋಗುವಾಗ ದಿನಕ್ಕೆರಡು ಸಲ ದೋಣಿ ದಾಟಿದವಳು. ಮಕ್ಕಳು ನೀರಿನ ಒಡನಾಟದಲ್ಲಿ ಬೆಳೆಯಬೇಕು, ಅಲೆಯ ಸದ್ದು ಕೇಳಬೇಕು, ಬೋಟಿನ ಹಿಂದೆ ಹಾರಿಬರುವ ಹಕ್ಕಿಗಳನ್ನು ಬೆರಳು ಮಾಡಿ ತೋರಿಸಬೇಕು ಎಂಬುದು ನನ್ನ ಆಸೆ. ಅದಕ್ಕಾಗಿಯೇ ಇಷ್ಟು ಉದ್ದವಾಗಿ ಬರೆಯುತ್ತಿದ್ದೇನೆ.

ಮೊದಲು ಜಾಕೆಟ್ಟಿನ ಮಾತು. ಬೋಟು ಹತ್ತುವ ಜಾಗದಲ್ಲಿ ಕಿತ್ತಳೆ ಬಣ್ಣದ ಜಾಕೆಟ್‌ಗಳ ರಾಶಿ ಬಿದ್ದಿರುತ್ತದೆ. ಹೆಚ್ಚಿನವು ದೊಡ್ಡವರ ಅಳತೆಯವು. ಹಿಂದಿನ ಗುಂಪು ಕಳಚಿ ಎಸೆದದ್ದನ್ನು ಮುಂದಿನ ಗುಂಪು ಎತ್ತಿಕೊಳ್ಳುತ್ತದೆ. ನನ್ನ ಮಗ ಮೂರು ವರ್ಷದವನಿದ್ದಾಗ ಒಂದು ಹೊಳೆಯಲ್ಲಿ ದೋಣಿ ವಿಹಾರಕ್ಕೆ ಹೋಗಿದ್ದೆವು. ಅವನಿಗೆ ಕೊಟ್ಟ ಜಾಕೆಟ್ ಮೊಣಕಾಲು ಮುಟ್ಟುತ್ತಿತ್ತು. ‘ಪರವಾಗಿಲ್ಲ’ ಎಂದು ಅಲ್ಲಿದ್ದ ಹುಡುಗ ಪಟ್ಟಿಯನ್ನು ಬೆನ್ನ ಹಿಂದೆ ಎರಡು ಸುತ್ತು ಸುತ್ತಿ ಗಂಟು ಹಾಕಿದ. ನಾನು ಎರಡೂ ಭುಜದ ಪಟ್ಟಿಗಳನ್ನು ಹಿಡಿದು ಮೇಲಕ್ಕೆತ್ತಿದೆ. ಜಾಕೆಟ್ ನನ್ನ ಕೈಗೆ ಬಂತು. ಮಗ ನೆಲದ ಮೇಲೆಯೇ ನಿಂತಿದ್ದ, ಎರಡೂ ಕೈ ಮೇಲೆತ್ತಿಕೊಂಡು, ನಗುತ್ತ. ಅವನಿಗೆ ಅದೊಂದು ಆಟವಾಗಿತ್ತು. ನನ್ನ ಕೈಕಾಲು ತಣ್ಣಗಾಗಿದ್ದವು. ನೀರಿನಲ್ಲಿ ಆಗುವುದೂ ಅದೇ: ಜಾಕೆಟ್ ತೇಲುತ್ತದೆ, ಮಗು ಅದರೊಳಗಿನಿಂದ ಜಾರಿ ಕೆಳಗಿಳಿಯುತ್ತದೆ. ಅಂದು ನಾವು ದೋಣಿ ಹತ್ತಲಿಲ್ಲ.

ಚಿಕ್ಕ ಮಕ್ಕಳ ವಿಷಯದಲ್ಲಿ ಇನ್ನೊಂದು ತೊಡಕಿದೆ. ಅವರ ಮೈಗೆ ಹೋಲಿಸಿದರೆ ತಲೆಯ ಭಾರ ಹೆಚ್ಚು. ನೀರಿಗೆ ಬಿದ್ದರೆ ಮುಖ ಕೆಳಗಾಗುತ್ತದೆ, ತಿರುಗಿ ಮುಖ ಮೇಲೆ ಮಾಡಿಕೊಳ್ಳುವ ಶಕ್ತಿ ಅವರಿಗಿಲ್ಲ. ಹಾಗಾಗಿ ಈ ವಯಸ್ಸಿನವರ ಜಾಕೆಟ್ಟಿಗೆ ಕುತ್ತಿಗೆಯ ಹಿಂದೆ ದಪ್ಪನೆಯ ದಿಂಬಿನಂಥ ಕಾಲರ್ ಇರಬೇಕು, ಎರಡು ಕಾಲುಗಳ ನಡುವೆ ಹಾದು ಬಂದು ಮುಂದೆ ಬಿಗಿಯಾಗುವ ಪಟ್ಟಿ ಇರಬೇಕು, ಕಾಲರಿನ ಹಿಂದೆ ಹಿಡಿದೆತ್ತಲು ಹಿಡಿಕೆ ಇರಬೇಕು. ಕಾಲಿನ ನಡುವಿನ ಪಟ್ಟಿ ಇಲ್ಲದ ಜಾಕೆಟ್ ಎರಡೂವರೆ ವರ್ಷದ ಮಗುವಿಗೆ ಪ್ರಯೋಜನವಿಲ್ಲ ಎಂದೇ ನಾನು ಹೇಳುತ್ತೇನೆ.

ಇಂಥದ್ದು ಪ್ರವಾಸಿ ತಾಣದಲ್ಲಿ ಸಿಕ್ಕೀತೆಂದು ನಂಬಿಕೊಂಡು ಹೊರಡಬೇಡಿ. ಹೋಗುವ ಮೊದಲೇ ನಿಮ್ಮದೇ ಒಂದನ್ನು ಕೊಂಡುಕೊಳ್ಳಿ. ಅಳತೆ ನೋಡಬೇಕಾದದ್ದು ವಯಸ್ಸಿನಿಂದಲ್ಲ, ತೂಕದಿಂದ. ಒಳಗಿನ ಚೀಟಿಯಲ್ಲಿ ತೂಕದ ಮಿತಿ ಬರೆದಿರುತ್ತದೆ. ಅಮೆರಿಕದ ಅಳತೆಯಾದರೆ ಸುಮಾರು ಹದಿಮೂರೂವರೆ ಕೆ.ಜಿ.ಯವರೆಗೆ ಕೂಸಿನ ಜಾಕೆಟ್, ಅಲ್ಲಿಂದ ಇಪ್ಪತ್ತೆರಡೂವರೆಯವರೆಗೆ ಮಗುವಿನದು. ನಿಮ್ಮ ಮಗಳು ಮೊದಲನೆಯದಕ್ಕೆ ಸೇರುತ್ತಾಳೆ. ‘ಮುಂದಿನ ವರ್ಷಕ್ಕೂ ಆಗುತ್ತದೆ’ ಎಂದು ಫ್ರಾಕಿನ ಹಾಗೆ ಒಂದು ಅಳತೆ ದೊಡ್ಡದು ತರಬೇಡಿ. ಯುರೋಪಿನ ಮಾನದಂಡದ ಜಾಕೆಟ್‌ಗಳ ಮೇಲೆ 50, 100, 150 ಎಂಬ ಅಂಕಿಗಳಿರುತ್ತವೆ. 50 ಎಂದರೆ ಈಜು ಬಲ್ಲವರಿಗೆ ಆಸರೆ ಮಾತ್ರ. ಈಜು ಬಾರದ ಮಗುವಿಗೆ 100 ಅಥವಾ ಅದಕ್ಕೂ ಮೇಲಿನದು ಬೇಕು. ಒಳಗೆ ನೀರು ಹೀರದ ಫೋಮ್ ತುಂಬಿದ್ದನ್ನೇ ತನ್ನಿ. ಗಾಳಿ ಊದುವ ಜಾಕೆಟ್, ತೋಳಿಗೆ ಹಾಕುವ ಗಾಳಿ ಚೀಲ, ಬಾತುಕೋಳಿ ಚಿತ್ರದ ಟ್ಯೂಬು ಇವೆಲ್ಲ ಈಜುಕೊಳದ ಆಟಿಕೆಗಳು. ಬೋಟಿಗೆ ತರಲೇಬೇಡಿ.

ಜಾಕೆಟ್ ಬಂದ ದಿನವೇ ಮನೆಯಲ್ಲಿ ಹಾಕಿಸಿ. ಎಲ್ಲ ಬಕಲ್ ಬಿಗಿದು ಭುಜದ ಪಟ್ಟಿ ಹಿಡಿದು ಮೇಲಕ್ಕೆತ್ತಿ ನೋಡಿ. ಗಲ್ಲವೂ ಕಿವಿಯೂ ಜಾಕೆಟ್ಟಿನೊಳಗೆ ಮುಳುಗಬಾರದು. ಸಾಧ್ಯವಾದರೆ ಊರಿನ ಈಜುಕೊಳದಲ್ಲಿ, ನಿಮ್ಮ ಸೊಂಟದ ಆಳದ ನೀರಿನಲ್ಲಿ, ಎರಡು ಕೈಗಳ ಮೇಲೆ ಅಂಗಾತ ತೇಲಿಸಿ ಒಮ್ಮೆ ನೋಡಿ. ಮೊದಲ ದಿನ ಮಗು ಅಳುತ್ತದೆ. ಕುತ್ತಿಗೆಗೆ ಏನೋ ಒತ್ತುತ್ತದೆ, ಕೈ ಮಡಚಲು ಆಗುವುದಿಲ್ಲ. ಮಂಚವನ್ನೇ ದೋಣಿ ಮಾಡಿ, ಪೊರಕೆಯನ್ನು ಹುಟ್ಟು ಮಾಡಿ ಐದಾರು ದಿನ ಆಡಿಸಿ. ಅಭ್ಯಾಸವಾಗದ ಮಗು ಸರಿಯಾಗಿ ಅಲೆಯ ನಡುವೆ ‘ಬಿಚ್ಚು’ ಎಂದು ಹಟ ಹಿಡಿಯುತ್ತದೆ, ಆಗ ಅಕ್ಕಪಕ್ಕದವರು ‘ಪಾಪ, ಬಿಚ್ಚಿಬಿಡಿ’ ಎನ್ನುತ್ತಾರೆ.

ನೀವೂ ಜಾಕೆಟ್ ತೊಡಬೇಕು. ಈಜು ಬಾರದ ತಾಯಿ ಜಾಕೆಟ್ ಇಲ್ಲದೆ ಮಗುವನ್ನು ಹಿಡಿದುಕೊಂಡಿದ್ದರೆ ಇಬ್ಬರಿಗೂ ಅಪಾಯ. ಆ ದಿನಕ್ಕೆ ಸೀರೆ ಬೇಡ. ಒದ್ದೆಯಾದ ಐದೂವರೆ ಮೀಟರ್ ಬಟ್ಟೆ ಕಾಲಿಗೆ ಸುತ್ತಿಕೊಂಡರೆ ಈಜು ಬಲ್ಲವರೂ ಸೋಲುತ್ತಾರೆ. ಇನ್ನು, ಮಗು ಜಾರಬಾರದೆಂದು ದುಪಟ್ಟಾದಿಂದ ತಮ್ಮ ಸೊಂಟಕ್ಕೋ ಬೋಟಿನ ಕಂಬಕ್ಕೋ ಕಟ್ಟಿಕೊಳ್ಳುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಾರೆ. ಬೋಟು ಮಗುಚಿದರೆ ಆ ಗಂಟೇ ಮಗುವನ್ನು ಕೆಳಗೆ ಎಳೆಯುತ್ತದೆ. ಎದೆಗೆ ಕಟ್ಟಿಕೊಳ್ಳುವ ಮಗುಚೀಲವೂ ಬೋಟಿನಲ್ಲಿ ಸಲ್ಲದು.

ಏಳು ತಿಂಗಳ ಕೂಸನ್ನು ಬೇಡ ಎಂದದ್ದು ಇದೇ ಕಾರಣಕ್ಕೆ. ಆ ವಯಸ್ಸಿನ ಮೈಗೆ ನಂಬಿಕೆಯಿಂದ ಕೂರುವ ಜಾಕೆಟ್ ನಮ್ಮಲ್ಲಿ ಸಿಗುವುದು ಕಷ್ಟ, ಸಿಕ್ಕರೂ ಅಲೆ ಹಾರಿಸುವ ಬೋಟಿನಲ್ಲಿ ಆ ಕುತ್ತಿಗೆಗೆ ಬೀಳುವ ಕುಲುಕಾಟ ನನಗೆ ಒಪ್ಪಿಗೆಯಿಲ್ಲ. ಮೇಲಿನ ಬಿಸಿಲಿಗೆ ನೀರಿನಿಂದ ಮರಳಿ ಬೀಳುವ ಬಿಸಿಲೂ ಸೇರುತ್ತದೆ. ಅಷ್ಟು ಚಿಕ್ಕವರ ಮೈ ಬೇಗ ಕಾಯುತ್ತದೆ. ನಿಮ್ಮ ಅತ್ತೆಗೆ ಹೇಗೂ ಕಡಲಿಗಿಳಿಯಲು ಮನಸ್ಸಿಲ್ಲ ಎಂದು ತೋರುತ್ತದೆ. ಅವರೂ ನಾದಿನಿಯೂ ಕೂಸಿನೊಂದಿಗೆ ಮಲ್ಪೆಯ ದಡದಲ್ಲಿ ನೆರಳು ನೋಡಿ ಕುಳಿತಿರಲಿ. ನೀವು ಎರಡು ಮೂರು ಗಂಟೆಯಲ್ಲಿ ಮರಳಿರುತ್ತೀರಿ.

ಈಗ ಬೋಟಿನ ಮಾತಿಗೆ ಬರುತ್ತೇನೆ. 2009ರ ಸೆಪ್ಟೆಂಬರ್ 30ರಂದು ಕೇರಳದ ತೇಕ್ಕಡಿಯಲ್ಲಿ ಎರಡು ಅಂತಸ್ತಿನ ಬೋಟು ಮಗುಚಿ 45 ಜನ ತೀರಿಕೊಂಡರು. ದಡದಲ್ಲಿ ಕಾಡುಪ್ರಾಣಿಗಳು ಕಂಡವೆಂದು ಜನ ಒಂದೇ ಪಕ್ಕಕ್ಕೆ ಸರಿದರು, ಬೋಟು ವಾಲಿತು. 2019ರ ಜನವರಿ 21ರಂದು ಕಾರವಾರದ ಬಳಿ, ಕೂರ್ಮಗಡ ದ್ವೀಪದ ನರಸಿಂಹ ಜಾತ್ರೆ ಮುಗಿಸಿ ಮರಳುತ್ತಿದ್ದ ದೋಣಿ ಮಗುಚಿ 16 ಜನ ಹೋದರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ ಕತ್ತಲಾದ ಮೇಲೆ ಹೊರಟ ಬೋಟು ಮುಳುಗಿ 22 ಜನ ಸತ್ತರು, ಅವರಲ್ಲಿ ಹಲವರು ಮಕ್ಕಳು. ನಿಮ್ಮನ್ನು ಹೆದರಿಸಲು ಇವನ್ನು ಹೇಳುತ್ತಿಲ್ಲ. ಮಿತಿ ಮೀರಿದ ಜನ, ತೊಡದ ಜಾಕೆಟ್, ತಪ್ಪಿದ ಹೊತ್ತು, ಒಂದೇ ಪಕ್ಕಕ್ಕೆ ನುಗ್ಗುವುದು: ಇಂಥ ದುರಂತಗಳ ಹಿಂದೆ ಮತ್ತೆ ಮತ್ತೆ ಕಾಣುವ ಕಾರಣಗಳು ಇವು. ಈ ನಾಲ್ಕನ್ನೂ ದಡದಲ್ಲಿ ನಿಂತೇ ನೀವು ನೋಡಿ ತಿಳಿಯಬಹುದು.

ಎಷ್ಟು ಜನಕ್ಕೆ ಅನುಮತಿ ಎಂದು ಕೇಳಿ, ಬೋಟಿನ ಮೇಲೆ ಬರೆದಿದೆಯೇ ನೋಡಿ, ಆಮೇಲೆ ತಲೆ ಎಣಿಸಿ. ‘ಮಡಿಲಲ್ಲಿರುವ ಮಕ್ಕಳು ಲೆಕ್ಕಕ್ಕಿಲ್ಲ’ ಎಂದರೆ ಒಪ್ಪಬೇಡಿ. ತಾಂಡೇಲರನ್ನು, ಎಂದರೆ ಬೋಟು ನಡೆಸುವವರನ್ನು, ಗೌರವದಿಂದ ಮಾತನಾಡಿಸಿ: ‘ಅಣ್ಣಾ, ಇವತ್ತು ಕಡಲು ಹೇಗಿದೆ? ಚಿಕ್ಕ ಮಗು ಇದೆ.’ ನಾಲ್ಕು ದಶಕ ಕಡಲು ಕಂಡವರು ನೀರಿನ ಬಣ್ಣ ನೋಡಿಯೇ ಹೇಳುತ್ತಾರೆ. ಅವರು ‘ಇವತ್ತು ತೆರೆ ಜಾಸ್ತಿ’ ಎಂದರೆ ಹವಾಮಾನದ ಆ್ಯಪ್ ಏನೇ ಹೇಳಲಿ, ಹೋಗಬೇಡಿ.

ಡಿಸೆಂಬರ್ ಒಳ್ಳೆಯ ಕಾಲ. ಮಳೆಗಾಲದಲ್ಲಿ ಈ ದ್ವೀಪಕ್ಕೆ ಬೋಟುಗಳೇ ಇರುವುದಿಲ್ಲ. ಆದರೆ ಒಳ್ಳೆಯ ತಿಂಗಳಲ್ಲೂ ಒಳ್ಳೆಯ ಹೊತ್ತನ್ನು ಆರಿಸಿಕೊಳ್ಳಬೇಕು. ಬಿಸಿಲೇರಿದಂತೆ ನೆಲ ಕಾಯುತ್ತದೆ, ನೆಲದ ಮೇಲಿನ ಗಾಳಿ ಹಗುರಾಗಿ ಮೇಲೇರುತ್ತದೆ, ಆ ಜಾಗ ತುಂಬಲು ಕಡಲಿನಿಂದ ಗಾಳಿ ಬೀಸುತ್ತದೆ. ಮಧ್ಯಾಹ್ನದ ಹೊತ್ತಿಗೆ ಅಲೆಗಳು ಏಳುವುದು ಹೀಗೆ. ಬೆಳಗಿನ ಮೊದಲ ಬೋಟುಗಳಲ್ಲೊಂದನ್ನು ಹಿಡಿಯಿರಿ. ನೀರು ಶಾಂತವಾಗಿರುತ್ತದೆ, ಜನ ಕಡಿಮೆ, ಮಗುವೂ ನಿದ್ದೆ ತಿಳಿದೆದ್ದು ಚುರುಕಾಗಿರುತ್ತದೆ. ಹಾದಿ ದೂರದ್ದಲ್ಲ, ಅರ್ಧ ಗಂಟೆಯ ಆಸುಪಾಸು.

ಹತ್ತುವ ಇಳಿಯುವ ಗಳಿಗೆಯೇ ಎಲ್ಲಕ್ಕಿಂತ ಸೂಕ್ಷ್ಮ. ಬೋಟು ಅಲೆಗೆ ಏರಿಳಿಯುತ್ತಿರುತ್ತದೆ, ಧಕ್ಕೆಗೂ, ಎಂದರೆ ಬೋಟು ನಿಲ್ಲುವ ಕಟ್ಟೆಗೂ, ಬೋಟಿಗೂ ನಡುವಿನ ಸಂದು ಒಮ್ಮೆ ಅಗಲ, ಒಮ್ಮೆ ಕಿರಿದು. ಮಗುವನ್ನು ಎತ್ತಿಕೊಂಡು ಯಾರೂ ಜಿಗಿಯಬಾರದು. ಮೊದಲು ನಿಮ್ಮ ಮನೆಯವರು ಬೋಟಿಗೆ ಇಳಿದು ಕಾಲು ಊರಿ ನಿಲ್ಲಲಿ. ಮಗುವನ್ನು ಜಾಕೆಟ್ ಸಮೇತ ನೀವು ಅವರ ಕೈಗೆ ದಾಟಿಸಿ. ‘ಹಿಡಿದುಕೊಂಡೆ’ ಎಂದು ಅವರು ಬಾಯಿಬಿಟ್ಟು ಹೇಳಿದ ಮೇಲೆಯೇ ನಿಮ್ಮ ಕೈ ಸಡಿಲವಾಗಲಿ. ಆಮೇಲೆ ನೀವು, ಬರಿಗೈಯಲ್ಲಿ. ದ್ವೀಪದ ಹತ್ತಿರ ನೀರು ಆಳವಿಲ್ಲದಾಗ ದೊಡ್ಡ ಬೋಟಿನಿಂದ ಚಿಕ್ಕ ದೋಣಿಗೆ ದಾಟಬೇಕಾಗಿ ಬರಬಹುದು, ಅಲ್ಲಿಯೂ ಇದೇ ಕ್ರಮ. ಮೊಬೈಲ್, ತಿಂಡಿ ಚೀಲ, ಕ್ಯಾಮೆರಾ ಎಲ್ಲವೂ ಬೇರೆಯವರ ಕೈಯಲ್ಲಿರಲಿ.

ಕೂರುವುದು ಬೋಟಿನ ನಡುವೆ, ಇಬ್ಬರು ದೊಡ್ಡವರ ಮಧ್ಯೆ. ಅಂಚಿನ ಆಸನ ಬೇಡ, ಮೇಲಿನ ಅಂತಸ್ತು ಬೇಡ, ಮುಚ್ಚಿದ ಕೋಣೆಯಂಥ ಕೆಳಭಾಗವೂ ಬೇಡ. ಎಂಜಿನ್ನಿನ ಹತ್ತಿರ ಕುಳಿತರೆ ಡೀಸೆಲ್ ಹೊಗೆಗೇ ಹೊಟ್ಟೆ ತೊಳಸುತ್ತದೆ. ಹನ್ನೊಂದು ಜನರ ತಂಡದಲ್ಲಿ ಒಂದು ವಿಚಿತ್ರ ಆಗುತ್ತದೆ: ಮಗುವನ್ನು ಎಲ್ಲರೂ ನೋಡಿಕೊಳ್ಳುತ್ತಿದ್ದಾರೆ ಎಂದು ಪ್ರತಿಯೊಬ್ಬರೂ ಅಂದುಕೊಳ್ಳುತ್ತಾರೆ, ನೋಡುತ್ತಿರುವವರು ಒಬ್ಬರೂ ಇರುವುದಿಲ್ಲ. ಹೋಗುವಾಗ ಅಪ್ಪ, ದ್ವೀಪದಲ್ಲಿ ಅಮ್ಮ, ಬರುವಾಗ ಚಿಕ್ಕಪ್ಪ ಎಂದು ಹೆಸರಿಟ್ಟು ಹಂಚಿಕೊಳ್ಳಿ. ಪಾಳಿಯಲ್ಲಿರುವವರು ಫೋಟೊ ತೆಗೆಯುವುದಿಲ್ಲ, ಸೆಲ್ಫಿಗೆ ನಿಲ್ಲುವುದಿಲ್ಲ. ಡಾಲ್ಫಿನ್ ಕಂಡರೂ ಎಲ್ಲರೂ ಕುಳಿತಲ್ಲೇ ನೋಡುವುದು.

ವಾಂತಿಯ ಪ್ರಶ್ನೆಯನ್ನು ನನ್ನ ಬಳಿ ಬರುವ ತಾಯಂದಿರೂ ರಜೆಯ ದಿನಗಳಲ್ಲಿ ಬಹಳ ಕೇಳುತ್ತಾರೆ. ಒಳಗಿವಿ ‘ಅಲುಗಾಡುತ್ತಿದ್ದೇವೆ’ ಎನ್ನುತ್ತದೆ, ಬೋಟಿನೊಳಗನ್ನೇ ನೋಡುತ್ತಿರುವ ಕಣ್ಣು ‘ಇಲ್ಲ, ಕುಳಿತಲ್ಲೇ ಇದ್ದೇವೆ’ ಎನ್ನುತ್ತದೆ. ಎರಡು ಸುದ್ದಿಗಳು ತಾಳೆಯಾಗದೆ ಮಿದುಳು ಗೊಂದಲಕ್ಕೆ ಬೀಳುತ್ತದೆ, ಹೊಟ್ಟೆ ತೊಳಸುತ್ತದೆ. ಎರಡು ವರ್ಷದೊಳಗಿನ ಮಕ್ಕಳಿಗೆ ಇದು ಅಪರೂಪ. ಎರಡರಿಂದ ಹನ್ನೆರಡರವರೆಗೆ ಹೆಚ್ಚು. ನಿಮ್ಮ ಮಗಳು ಈಗಷ್ಟೇ ಆ ವಯಸ್ಸಿಗೆ ಕಾಲಿಟ್ಟಿದ್ದಾಳೆ.

ಬಸ್ಸಿನ ವಾಂತಿಗೆಂದು ಔಷಧಿ ಅಂಗಡಿಯಲ್ಲಿ ಕೇಳಿದ ಕೂಡಲೇ ಕೊಡುವ ಮಾತ್ರೆಗಳಲ್ಲಿ ಪ್ರೊಮೆಥಜೀನ್ ಎಂಬ ಔಷಧಿ ಇರುವುದುಂಟು. ಎರಡು ವರ್ಷದೊಳಗಿನ ಮಕ್ಕಳಿಗೆ ಅದನ್ನು ಕೊಡಲೇಬಾರದು, ಉಸಿರಾಟವೇ ಕುಗ್ಗಿಹೋಗುವ ಅಪಾಯವಿದೆ. ಎರಡು ದಾಟಿದವರಿಗೂ ವೈದ್ಯರು ತೂಕ ನೋಡಿ ಹೇಳಿದರೆ ಮಾತ್ರ. ದೊಡ್ಡವರ ಮಾತ್ರೆಯನ್ನು ಅರ್ಧ ಮುರಿದು ಜೇನಿನಲ್ಲಿ ತೇಯ್ದು ಕೊಡುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಬೇಡ. ಹೊಟ್ಟೆ ಕೆಟ್ಟಾಗ ಕೊಡುವ ಒಂಡಾನ್‌ಸೆಟ್ರಾನ್ ಸಿರಪ್ ನಿಮ್ಮ ಮನೆಯಲ್ಲೂ ಇರಬಹುದು, ಬೋಟಿನ ತೊಳಸಿಗೆ ಅದು ಅಷ್ಟಾಗಿ ಕೆಲಸ ಮಾಡುವುದಿಲ್ಲ. ನಾನಾದರೆ ಅರ್ಧ ಗಂಟೆಯ ಹಾದಿಗೆ ಯಾವ ಔಷಧಿಯನ್ನೂ ಕೊಡುವುದಿಲ್ಲ. ತೂಕಡಿಸುವ ಮಗುವನ್ನು ಹಿಡಿದು ಬೋಟು ಹತ್ತಿಳಿಯುವುದಕ್ಕಿಂತ ಒಮ್ಮೆ ವಾಂತಿಯಾದರೆ ಒರೆಸಿ ಬಟ್ಟೆ ಬದಲಿಸುವುದೇ ಮೇಲು.

ಹೊರಡುವ ಒಂದೂವರೆ ಗಂಟೆ ಮೊದಲು ಒಂದು ಇಡ್ಲಿ ಸಾಕು. ಹೊಟ್ಟೆ ತುಂಬ ಹಾಲು ಬೇಡ, ಎಣ್ಣೆಯ ಬನ್ಸ್ ಬೇಡ (ಮಂಗಳೂರು ಬನ್ಸ್ ಕಂಡರೆ ಮಕ್ಕಳು ಬಿಡುವುದಿಲ್ಲ, ಮರಳಿ ಬಂದ ಮೇಲೆ ಕೊಡಿಸಿ). ಖಾಲಿ ಹೊಟ್ಟೆಯೂ ಒಳ್ಳೆಯದಲ್ಲ. ಮುಖವನ್ನು ಬೋಟು ಸಾಗುವ ದಿಕ್ಕಿಗೆ ಮಾಡಿ ಕೂರಿಸಿ ದೂರದ ದ್ವೀಪದ ತೆಂಗಿನ ಮರಗಳನ್ನು ತೋರಿಸುತ್ತಿರಿ. ಮೊಬೈಲ್‌ನಲ್ಲಿ ಕಾರ್ಟೂನು ಹಾಕಿ ಕೊಟ್ಟರೆ ಐದೇ ನಿಮಿಷದಲ್ಲಿ ವಾಂತಿ. ಮಗು ಇದ್ದಕ್ಕಿದ್ದಂತೆ ಮಾತು ನಿಲ್ಲಿಸಿ, ಆಕಳಿಸಿ, ಮುಖ ಬಿಳಿಚಿಕೊಂಡರೆ ಹೊತ್ತು ಬಂತೆಂದೇ ತಿಳಿದು ಚೀಲ ಹಿಡಿಯಿರಿ. ಅಂಚಿಗೆ ಬಾಗಿಸಿ ವಾಂತಿ ಮಾಡಿಸಬೇಡಿ.

ದ್ವೀಪ ನಿಜಕ್ಕೂ ಅಪರೂಪದ್ದು. ಸುಮಾರು 8.8 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ನೆಲದಿಂದ ಬೇರ್ಪಡುತ್ತಿದ್ದ ಕಾಲದಲ್ಲಿ ಉಕ್ಕಿದ ಲಾವಾ ತಣಿದು ಸೀಳಿ ಆದ ಕಂಬಗಳು ಅಲ್ಲಿವೆ. ಯಾರೋ ಉಳಿಯಿಂದ ಕಡೆದಂತೆ ಐದು ಮೂಲೆ, ಆರು ಮೂಲೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಎಂದು ಅದನ್ನು ಗುರುತಿಸಿದ್ದಾರೆ. ಮಗಳ ಬೆರಳು ಹಿಡಿದು ಒಂದು ಕಲ್ಲಿನ ಮೂಲೆಗಳನ್ನು ಎಣಿಸಿಸಿ. ಆದರೆ ನೀರಿನಂಚಿನ ಕಲ್ಲುಗಳಿಗೆ ಪಾಚಿ ಹಿಡಿದಿರುತ್ತದೆ, ದೊಡ್ಡವರೇ ಜಾರಿ ಬೀಳುತ್ತಾರೆ. ಮರಳಿನಲ್ಲಿ ಒಡೆದ ಚಿಪ್ಪುಗಳು ಹೇರಳ, ಹಾಗಾಗಿ ಹಿಂಬದಿ ಪಟ್ಟಿಯಿರುವ ಚಪ್ಪಲಿ ಬೇಕು. ಅಲ್ಲಿ ನೀರಿಗೆ ಇಳಿಸಬೇಡಿ, ಆ ಆಟಕ್ಕೆ ಮಲ್ಪೆಯ ದಡವಿದೆ. ಗಲ್ಲದ ಕೆಳಗೆ ಕಟ್ಟುವ ಟೋಪಿ, ತೋಳು ಮುಚ್ಚುವ ಹತ್ತಿ ಅಂಗಿ, ಕುಡಿಯುವ ನೀರು, ಒಂದು ಜೊತೆ ಒಣಬಟ್ಟೆ ಇಟ್ಟುಕೊಳ್ಳಿ. ಒದ್ದೆ ಬಟ್ಟೆಯಲ್ಲಿ ಗಾಳಿಗೆ ಕುಳಿತರೆ ಡಿಸೆಂಬರಿನ ಬಿಸಿಲಿನಲ್ಲೂ ಮಗು ನಡುಗುತ್ತದೆ. ಒಂದು ಗಂಟೆ ಸಾಕು.

ಬರೆಯಲು ಮನಸ್ಸಿಲ್ಲದಿದ್ದರೂ ಇದನ್ನು ಹೇಳದೆ ಬಿಡಲಾರೆ. ಮುಳುಗುವ ಮಗು ಕೂಗುವುದಿಲ್ಲ, ಕೈ ಬೀಸುವುದಿಲ್ಲ. ಸದ್ದಿಲ್ಲದೆ, ಒಂದು ನಿಮಿಷದೊಳಗೆ ಮುಳುಗಿಬಿಡುತ್ತದೆ. ಅದಕ್ಕೇ ಕಣ್ಣು ಮಗುವಿನ ಮೇಲಿರಬೇಕು, ಕಿವಿಯನ್ನು ನಂಬಬಾರದು. ಯಾರಾದರೂ ಬಿದ್ದರೆ ಕೂಗಿ ಬೋಟು ನಿಲ್ಲಿಸಿ, ಬಿದ್ದವರತ್ತ ಒಬ್ಬರು ಬೆರಳು ಚಾಚಿಯೇ ಇರಲಿ, ತೇಲುವುದನ್ನು ಎಸೆಯಿರಿ. ಈಜು ಬಾರದವರು ಹಾರಬಾರದು. ಮೇಲೆತ್ತಿದ ಮಗುವನ್ನು ತಲೆಕೆಳಗು ಹಿಡಿದು ತಿರುಗಿಸುವುದು, ಹೊಟ್ಟೆ ಒತ್ತಿ ನೀರು ಕಕ್ಕಿಸುವುದು ನಮ್ಮ ಕಡೆ ಇನ್ನೂ ನಡೆಯುತ್ತದೆ. ಅದರಿಂದ ಅಮೂಲ್ಯ ಸಮಯ ಹಾಳು, ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗುತ್ತದೆ. ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಐದು ಸಲ ಉಸಿರು ಕೊಡಬೇಕು. ಆಗಲೂ ಮಗುವಿನಲ್ಲಿ ಚಲನೆ ಕಾಣದಿದ್ದರೆ ಎದೆಯ ನಡುವೆ 30 ಸಲ ಒತ್ತಿ, 2 ಉಸಿರು, ಮತ್ತೆ 30. ಹೊರಡುವ ಮೊದಲು ನಿಮ್ಮಲ್ಲಿ ಒಬ್ಬರಾದರೂ ಹತ್ತಿರದ ಆಸ್ಪತ್ರೆಯಲ್ಲಿ ಇದನ್ನು ಗೊಂಬೆಯ ಮೇಲೆ ಕಲಿತು ಬನ್ನಿ. ತುರ್ತಿಗೆ 112, ಕಡಲಿನಲ್ಲಿ ಕರಾವಳಿ ಕಾವಲು ಪಡೆಯ 1554. ನೀರು ಕುಡಿದು ಚೇತರಿಸಿಕೊಂಡ ಮಗು ಕೆಮ್ಮುತ್ತಿದ್ದರೆ, ಮಂಕಾಗಿದ್ದರೆ, ‘ಈಗ ಸರಿಯಾಗಿದೆಯಲ್ಲ’ ಎಂದು ಹೋಟೆಲಿಗೆ ಹೋಗದೆ ಆಸ್ಪತ್ರೆಗೆ ಹೋಗಿ.

ಇನ್ನು ನಿಮ್ಮ ಮನೆಯ ಚರ್ಚೆ. ಅತ್ತೆಯವರ ಭಯವನ್ನು ಹಳೆಯ ಕಾಲದ್ದೆಂದು ತಳ್ಳಿಹಾಕಬೇಡಿ, ಅವರು ಕೇಳುತ್ತಿರುವುದು ಸರಿಯಾದ ಪ್ರಶ್ನೆಯನ್ನೇ. ಧಕ್ಕೆಯಲ್ಲಿ ಟಿಕೆಟ್ ಕೊಂಡು, ಹನ್ನೊಂದು ಜನ ಸಾಲಿನಲ್ಲಿ ನಿಂತು, ಹಿಂದಿನವರು ‘ಬೇಗ ಬೇಗ’ ಎನ್ನುತ್ತಿರುವಾಗ ‘ನಾವು ಬರುವುದಿಲ್ಲ’ ಎನ್ನಲು ಬಹಳ ಧೈರ್ಯ ಬೇಕಾಗುತ್ತದೆ. ಸೊಸೆಗೆ ಇನ್ನೂ ಹೆಚ್ಚು. ಹಾಗಾಗಿ ಹಿಂದಿನ ರಾತ್ರಿಯೇ ಎಲ್ಲರ ಮುಂದೆ ಮಾತಾಗಲಿ: ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಬೇಡವೆನಿಸಿದರೂ ಮಗು ಹೋಗುವುದಿಲ್ಲ, ಕಾರಣ ಕೇಳುವಂತಿಲ್ಲ, ಉಳಿದವರು ಹೋಗಿಬರುತ್ತಾರೆ. ಬದಲಿಗೆ ಏನೆಂಬುದೂ ಆಗಲೇ ಗೊತ್ತಿರಲಿ. ಸ್ವರ್ಣಾ ಸೀತಾ ನದಿಗಳು ಕಡಲು ಸೇರುವ ಕೋಡಿ ಬೆಂಗ್ರೆಯ ಕಡೆ ಅಥವಾ ಹೊನ್ನಾವರದ ಶರಾವತಿ ಹಿನ್ನೀರಿನಲ್ಲಿ ದೋಣಿಗಳು ಅಲೆಯಿಲ್ಲದ ನೀರಿನಲ್ಲಿ ನಿಧಾನವಾಗಿ ಸಾಗುತ್ತವೆ, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ನಡುವೆ ಮಿಂಚುಳ್ಳಿ, ಬೆಳ್ಳಕ್ಕಿ ಹತ್ತಿರದಿಂದಲೇ ಕಾಣುತ್ತವೆ. ಎರಡೂವರೆ ವರ್ಷದ ಮಗುವಿನ ಮೊದಲ ದೋಣಿಗೆ ನಾನು ಕಡಲಿಗಿಂತ ಹೊಳೆಯನ್ನೇ ಆರಿಸುತ್ತೇನೆ. ಅಲ್ಲಿಯೂ ಜಾಕೆಟ್ ಬೇಕು. ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುವ ಮಾತು ಬಂದರೆ ಮಗಳನ್ನು ಬಿಟ್ಟು ಹೋಗಿ, ಅದು ತೆರೆದ ಕಡಲಿನ ದೂರದ ಹಾದಿ. ಮುಂದೆಂದಾದರೂ ಹಂಪಿಗೆ ಹೋದಾಗ ಹರಿಗೋಲನ್ನು ಗರಗರ ತಿರುಗಿಸಿ ತೋರಿಸುತ್ತೇವೆ ಎಂದರೂ ಒಪ್ಪಬೇಡಿ.

ಮರಳಿ ಬರುವಾಗ ಎಲ್ಲರೂ ದಣಿದಿರುತ್ತಾರೆ, ಮಗು ನಿದ್ದೆಗೆ ಜಾರುತ್ತಿರುತ್ತದೆ. ದಡ ಕಂಡ ಕೂಡಲೇ ಜನ ಜಾಕೆಟ್ ಬಿಚ್ಚಿ ಬಾಗಿಲ ಕಡೆ ನುಗ್ಗುತ್ತಾರೆ. ನೀವು ಕುಳಿತೇ ಇರಿ. ಎಂಜಿನ್ ನಿಂತು, ಹಗ್ಗ ಕಟ್ಟಿ, ನುಗ್ಗಿದವರೆಲ್ಲ ಇಳಿದ ಮೇಲೆ ನಿಮ್ಮ ಮನೆಯವರು ಮೊದಲು ಇಳಿಯಲಿ, ಮಗಳನ್ನು ಅವರ ಕೈಗೆ ಕೊಡಿ. ದಡದ ಮೇಲೆ ಹತ್ತು ಹೆಜ್ಜೆ ನಡೆದಾದ ಮೇಲೆ ಅವಳ ಜಾಕೆಟ್ಟಿನ ಬಕಲ್ ಬಿಚ್ಚಿ.